‘ಶುಂಠಿ ಕಿತ್ತ ಮೇಲೆ ಕೊಡ್ತೀನಿ’ ಅಂದ ಗೆಳೆಯನ ಹತ್ತಿರ ದುಡ್ಡು ವಾಪಸ್ ಕೇಳೋದು ಹೇಗೆ?

ಹೇಮಾವತಿ ದಂಡೆ (ಹಾಸನ)

ಪಿಯುಸಿಯಿಂದ ಜೊತೆಗಿರುವ ಗೆಳೆಯ, ಆಲೂರು ಕಡೆಯವನು. 2024ರ ಏಪ್ರಿಲ್‌ನಲ್ಲಿ ಶುಂಠಿ ಹಾಕುತ್ತೇನೆ ಅಂತ ಬಂದ. 2023ರಲ್ಲಿ ಶುಂಠಿ ರೇಟ್ ಹೇಗೆ ಹಾರಿತ್ತು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಆ ವರ್ಷ ದುಡ್ಡು ಕಂಡವರನ್ನು ನೋಡಿ ಮರುವರ್ಷ ಸಿಕ್ಕ ಸಿಕ್ಕವರೆಲ್ಲ ಶುಂಠಿಗೆ ಇಳಿದರು. ಇವನೂ ಎರಡು ಎಕರೆ ಗೇಣಿಗೆ ಹಿಡಿದ. ಬಿತ್ತನೆ ಗಡ್ಡೆಗೆ ದುಡ್ಡು ಸಾಲಲಿಲ್ಲ. ನಾನು ಸಂಬಳದವನು, 1,80,000 ಕೊಟ್ಟೆ. ಒಂದೂವರೆ ಲಕ್ಷ ಬ್ಯಾಂಕ್ ಮೂಲಕ, ಮೂವತ್ತು ಸಾವಿರ ಕೈಗೆ. ಬಡ್ಡಿ ಇಲ್ಲ, ಪತ್ರ ಇಲ್ಲ. ‘ಶುಂಠಿ ಕಿತ್ತ ಮೇಲೆ ಕೊಡ್ತೀನಿ ಕಣೋ’ ಅಂದ.

ಶುಂಠಿ ಬೆಳೆಯೇನೋ ಚೆನ್ನಾಗೇ ಬಂತು, ಆದರೆ ರೇಟ್ ಬಿದ್ದು ಹೋಯ್ತು. ಈಗ ಕಿತ್ತರೆ ಕೂಲಿಯೂ ಹುಟ್ಟಲ್ಲ, ಹಳೇ ಶುಂಠಿ ಮಾಡುತ್ತೇನೆ ಅಂತ ನೆಲದಲ್ಲೇ ಬಿಟ್ಟ. ಆಮೇಲೆ ಯಾವಾಗಲೋ ಕಿತ್ತನಂತೆ. ನನಗೆ ಹೇಳಿದ್ದು ಬೇರೆಯವರು.

ಆಸಾಮಿ ಒಳ್ಳೆಯವನು. ಫೋನ್ ಮಾಡುತ್ತಾನೆ, ಮನೆಗೆ ಬರುತ್ತಾನೆ, ಅಮ್ಮನ ಆರೋಗ್ಯ ವಿಚಾರಿಸುತ್ತಾನೆ. ಊಟ ಮಾಡಿಕೊಂಡು ಹೋಗುತ್ತಾನೆ. ದುಡ್ಡಿನ ಮಾತು ಮಾತ್ರ ಬರಲ್ಲ. ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡ. ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟ ಫೋಟೊ ಸ್ಟೇಟಸ್‌ನಲ್ಲಿತ್ತು. ನನಗಿಂತ ಮೊದಲು ನನ್ನ ಹೆಂಡತಿ ನೋಡಿದಳು. ಆಮೇಲಿನದು ನಿಮಗೇ ಗೊತ್ತು.

ಮಗಳ ಕಾಲೇಜು ಫೀಸು ಕಟ್ಟಬೇಕು. ಕೇಳಿದರೆ ಸ್ನೇಹ ಹಾಳಾಗುತ್ತಾ? ಕೇಳೋದೇ ತಪ್ಪಾ? ಹೇಗೆ ಕೇಳಬೇಕು? ಕೋರ್ಟು ಕಚೇರಿ ನನಗೆ ಬೇಡ. ಹಂಗಂತ ಬಿಟ್ಟುಬಿಡುವಷ್ಟು ದೊಡ್ಡ ಮನಸ್ಸೂ ಇಲ್ಲ.

ಅರಸೀಕೆರೆ ತೆಂಗು

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಮುಗೀತಲ್ಲ, ಇನ್ನೇನು ಚರ್ಚೆ?

ಮೂಡಿಗೆರೆ ಮಳೆ

ಮುಗಿದಿಲ್ಲ ಮಾರಾಯ್ರೆ, ತಡೀರಿ.

ನಮ್ಮ ಕಡೆ ಜಮೀನು ನಂಬಿದವರಿಗೆ ದುಡ್ಡು ಒಂದನೇ ತಾರೀಕು ಬರಲ್ಲ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರು, ರೋಬಸ್ಟಾ ಜನವರಿಯಿಂದ, ಅದರ ಹಿಂದೆಯೇ ಮೆಣಸು. ಹಂಗಾಗಿ ಸಾಲ ಕೇಳುವವರೆಲ್ಲ ‘ಕೊಯ್ಲು ಮುಗಿಲಿ’ ಅಂತಲೇ ಹೇಳೋದು. ಇದು ಮೋಸದ ಮಾತಲ್ಲ, ನಾವು ಬದುಕೋದೇ ಹಾಗೆ.

ಆದರೆ ಬೆಳೆ ಬೆಳೆಗೂ ವ್ಯತ್ಯಾಸ ಇದೆ. ಹಾಸನದ ಆಲೂಗಡ್ಡೆ ತಗೊಳ್ಳಿ. ಮುಂಗಾರಿಗೆ ಹಾಕಿದರೆ ಮೂರು ತಿಂಗಳು ಚಿಲ್ಲರೆಗೆ ಕೀಳಲೇಬೇಕು, ಬಿಟ್ಟರೆ ಕೊಳೆಯುತ್ತೆ. ‘ಆಲೂಗಡ್ಡೆ ಕಿತ್ತ ಮೇಲೆ’ ಅಂದರೆ ಅದೊಂದು ತಾರೀಕು ಇದ್ದಂತೆಯೇ. ಕಾಫಿ ಹಣ್ಣನ್ನೂ ಗಿಡದಲ್ಲಿ ಬಿಟ್ಟು ಕೂರೋಕಾಗಲ್ಲ, ಉದುರುತ್ತೆ. ಶುಂಠಿ ಹಂಗಲ್ಲ. ರೇಟ್ ಇಲ್ಲ ಅಂದರೆ ಕೀಳದೆ ಇನ್ನೊಂದು ಮಳೆಗಾಲ ದಾಟಿಸುವವರಿದ್ದಾರೆ. ಅಂದರೆ ‘ಶುಂಠಿ ಕಿತ್ತ ಮೇಲೆ’ ಅನ್ನುವ ವಾಯಿದೆ ಪೂರ್ತಿ ಸಾಲ ತಗೊಂಡವನ ಕೈಯಲ್ಲೇ ಇತ್ತು. ಅವನು ಕೀಳುವ ತನಕ ನೀವು ಬಾಯಿ ತೆರೆಯೋ ಹಾಗಿಲ್ಲ.

ನಮ್ಮಲ್ಲೂ ಒಬ್ಬ ಇದ್ದಾನೆ. ಕಾಫಿ ಕುಯ್ದ, ಒಣಗಿಸಿದ, ಚೆರ್ರಿ ಮೂಟೆ ಗೋಡೌನಲ್ಲಿ ಜೋಡಿಸಿದ. ಕೇಳಿದಾಗಲೆಲ್ಲ ‘ಇನ್ನೂ ಕೊಟ್ಟಿಲ್ಲ ಮಾರಾಯ, ರೇಟ್ ನೋಡ್ತಿದ್ದೀನಿ’. ಆಮೇಲೆ ಕಾಫಿ ರೇಟ್ ಏರಿತು, ಅವನಿಗೆ ಒಳ್ಳೆಯದಾಯ್ತು. ಕಾದ ಲಾಭ ಅವನಿಗೆ ಬಂತು, ಕಾದಿದ್ದು ಮಾತ್ರ ನನ್ನ ದುಡ್ಡು. ಅವತ್ತಿಂದ ನಾನು ಬೆಳೆ ಹೆಸರಲ್ಲಿ ವಾಯಿದೆ ಒಪ್ಪಲ್ಲ. ಮಾರ್ಚ್ 31 ಅಂದರೆ ಮಾರ್ಚ್ 31.

ಕಡೂರು ಎಕ್ಸ್‌ಪ್ರೆಸ್

ಒಂದು ಅರ್ಥ ಆಗ್ತಿಲ್ಲ. ಸಹಕಾರ ಸಂಘದಲ್ಲಿ 5 ಲಕ್ಷದ ತನಕ ಬೆಳೆ ಸಾಲಕ್ಕೆ ಬಡ್ಡಿಯೇ ಇಲ್ಲ. 2023ರ ಬಜೆಟ್‌ನಲ್ಲಿ ಮೂರರಿಂದ ಐದಕ್ಕೆ ಏರಿಸಿದರು. ಅದನ್ನು ಬಿಟ್ಟು ಸಂಬಳದ ಗೆಳೆಯನ ಹತ್ತಿರ ಯಾಕೆ ಬರಬೇಕಿತ್ತು?

ಆಲೂರು ಶುಂಠಿ

ಸಾರ್, ಪಹಣಿ ಯಾರ ಹೆಸರಲ್ಲಿದೆ ಕೇಳಿ. ಗೇಣಿ ಜಮೀನು ಬೇರೆಯವರದ್ದು. ನಮ್ಮ ಹೆಸರಲ್ಲಿ ಪಹಣಿ ಇಲ್ಲದೆ ಸೊಸೈಟಿಯಲ್ಲಿ ಬೆಳೆ ಸಾಲ ಹುಟ್ಟಲ್ಲ. ಸ್ವಂತ ಅರ್ಧ ಎಕರೆ ಇದ್ದರೆ ಅದಕ್ಕೆ ಎಷ್ಟು ಬರುತ್ತೋ ಅಷ್ಟೇ. ಜಮೀನಿನ ಓನರ್ ತನ್ನ ಪಹಣಿ ಮೇಲೆ ಆಗಲೇ ಸಾಲ ಎತ್ತಿರುತ್ತಾನೆ. ಗೇಣಿಗೆ ಶುಂಠಿ ಹಾಕುವವನಿಗೆ ಉಳಿಯೋದು ಮೂರೇ ದಾರಿ: ಹೆಂಡತಿ ಒಡವೆ, ಬಡ್ಡಿಯವರು, ಸ್ನೇಹಿತರು.

ನಾನೂ ಶುಂಠಿ ಹಾಕಿದವನೇ. ನಾನೂ ಸ್ನೇಹಿತರ ಹತ್ತಿರ ತಗೊಂಡವನೇ. ಹಾಗಾಗಿ ಆ ಕಡೆಯ ಲೆಕ್ಕ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ರೇಟ್ ಏರಿದ ವರ್ಷ ಬಿತ್ತನೆ ಶುಂಠಿಯೂ ದುಬಾರಿ. ಚಿನ್ನದ ರೇಟಲ್ಲಿ ಬಿತ್ತನೆ ತಂದು ಮಣ್ಣಿನ ರೇಟಲ್ಲಿ ಮಾರಿದ್ದು ನಾವು. ಗೇಣಿ ಮುಂಗಡ, ಬೋರು, ಡ್ರಿಪ್ಪು, ಗೊಬ್ಬರ, ಔಷಧಿ, ಮೇಲೆ ಕೊಳೆ ಭಯ. ಕೊನೆಗೆ 60 ಕೆಜಿ ಮೂಟೆಗೆ ವ್ಯಾಪಾರಿ ಹೇಳಿದ ರೇಟ್ ಕೇಳಿ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಬಂದ ದುಡ್ಡು ಹಂಚೋದು ಹೇಗೆ ಗೊತ್ತಾ? ಮೊದಲು ಕೂಲಿಯವರಿಗೆ, ಇಲ್ಲದಿದ್ದರೆ ನಾಳೆ ಯಾರೂ ಬರಲ್ಲ. ಆಮೇಲೆ ಗೊಬ್ಬರದಂಗಡಿಗೆ, ಮುಂದಿನ ಸಲ ಉದ್ರಿ ಬೇಕು. ಆಮೇಲೆ ಫೈನಾನ್ಸಿನವರಿಗೆ, ಅವರು ಮನೆ ಮುಂದೆ ಬಂದು ನಿಲ್ಲುತ್ತಾರೆ. ಆಮೇಲೆ ಬಡ್ಡಿಯವರಿಗೆ, ನೂರಕ್ಕೆ ಮೂರು ಓಡುತ್ತಿರುತ್ತೆ. ಕೊನೆಗೆ ಸ್ನೇಹಿತನಿಗೆ. ಅವನು ಬಾಗಿಲಿಗೆ ಬರಲ್ಲ, ಬಡ್ಡಿ ಕೇಳಲ್ಲ, ಬೈಯಲ್ಲ. ಅಷ್ಟು ಹೊತ್ತಿಗೆ ದುಡ್ಡು ಇರಲ್ಲ.

ಇದು ಸರಿ ಅಂತ ನಾನು ಹೇಳ್ತಿಲ್ಲ. ನಡೆಯೋದು ಹೀಗೆ. ನಿಮ್ಮ ಗೆಳೆಯ ನಿಮ್ಮನ್ನು ಮರೆತಿರಲ್ಲ, ಸಾಲಿನ ಕೊನೆಯಲ್ಲಿ ನಿಲ್ಲಿಸಿದ್ದಾನೆ. ಮತ್ತೆ ಆ ಪಿಕಪ್ ಲೋನಿನದ್ದೇ ಇರಬೇಕು, ಬಾಡಿಗೆ ಓಡಿಸೋಕೆ ತಗೊಂಡಿರಬಹುದು. ಫೋಟೊ ನೋಡಿ ತೀರ್ಮಾನ ಮಾಡಬೇಡಿ.

ಬೇಲೂರಿನ ಅಕ್ಕ

ಆಲೂರಿನ ತಮ್ಮ ಬಿಡಿಸಿ ಹೇಳಿದ್ದು ಓದಿ ಸಿಟ್ಟೂ ಬಂತು, ಒಂಥರಾ ಸಮಾಧಾನವೂ ಆಯ್ತು. ಮೆತ್ತಗಿರುವವರಿಗೆ ಕೊನೆ ಪಾಳಿ, ಅಲ್ವಾ?

ನಂದು ದುಡ್ಡಲ್ಲ, ಸರ. ನನ್ನ ಗೆಳತಿ ಗಂಡನಿಗೆ ಆಪರೇಷನ್ ಅಂತ 2021ರಲ್ಲಿ ಬಂದಳು. ಬ್ಯಾಂಕಲ್ಲಿ ದುಡ್ಡಿರಲಿಲ್ಲ, ಕತ್ತಿನಲ್ಲಿತ್ತು. ನಲವತ್ತು ಗ್ರಾಂ ಹತ್ತಿರದ್ದು ಬಿಚ್ಚಿ ಕೊಟ್ಟೆ, ಅದನ್ನು ಗಿರವಿ ಇಟ್ಟಳು. ಗಂಡ ಈಗ ಚೆನ್ನಾಗಿದ್ದಾರೆ, ದೇವರು ದೊಡ್ಡವನು. ಸರ ಮಾತ್ರ ಹರಾಜಾಗಿ ಹೋಯ್ತು ಅಂತ ಆಮೇಲೆ ಹೇಳಿದಳು. ಈಗ ‘ಆವತ್ತಿನ ರೇಟಲ್ಲಿ ದುಡ್ಡು ಕೊಡ್ತೀನಿ ಕಣೇ’ ಅನ್ನುತ್ತಾಳೆ. ಆವತ್ತು ಗ್ರಾಂಗೆ ಐದು ಸಾವಿರದ ಒಳಗಿತ್ತು. ಈಗ ಅದರ ಎರಡರಷ್ಟಕ್ಕಿಂತ ಜಾಸ್ತಿ. ಆ ದುಡ್ಡಲ್ಲಿ ಅರ್ಧ ಸರವೂ ಬರಲ್ಲ.

ಹೇಳಿದರೆ ‘ದುಡ್ಡಿಗೆ ಬಡ್ಡಿ ಕೇಳಿದ ಹಾಗಾಯ್ತು’ ಅನ್ನುತ್ತಾಳೆ. ನಾನು ಬಡ್ಡಿ ಕೇಳ್ತಿಲ್ಲ. ಸರ ಕೊಟ್ಟಿದ್ದೆ, ಸರ ಕೇಳ್ತಿದ್ದೀನಿ.

ಅರಸೀಕೆರೆ ತೆಂಗು

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಚಿನ್ನ ಕೊಟ್ಟರೆ ಚಿನ್ನ.

ಮನೆಕೆಲಸ ಮುಗಿಸಿ (ಚಿಕ್ಕಮಗಳೂರು)

ನನ್ನ ನಿಯಮ ಒಂದೇ. ಮರೆತುಬಿಡಬಹುದಾದಷ್ಟು ಮಾತ್ರ ಕೊಡಬೇಕು. ಐದು ಸಾವಿರ ಕೊಟ್ಟೆ, ಮರೆತೆ. ಬಂದರೆ ಬಂತು. ಸ್ನೇಹಿತರ ಮಧ್ಯೆ ಲೆಕ್ಕ ಇಟ್ಟರೆ ಅದು ಸ್ನೇಹವೇ ಅಲ್ಲ.

ಹೊಳೆನರಸೀಪುರ ಲೋಕಲ್

ಇದನ್ನು ಎಲ್ಲ ಕಡೆ ಕೇಳುತ್ತೇನೆ, ಒಪ್ಪೋಕಾಗಲ್ಲ. ಮರೆಯೋದು ಉಳ್ಳವರಿಗೆ ಸರಿ. ತಿಂಗಳ ಸಂಬಳದವನು ಒಂದು ಲಕ್ಷ ಎಂಬತ್ತು ಸಾವಿರ ಹೇಗೆ ಮರೆಯುತ್ತಾನೆ? ಇನ್ನೊಂದು, ನೀವು ಮರೆತಿದ್ದೀರಿ ಅಂತ ತಗೊಂಡವನಿಗೆ ಗೊತ್ತಿರಲ್ಲ. ಅವನು ನಿಮ್ಮನ್ನು ನೋಡಿ ರಸ್ತೆ ಬದಲಿಸುತ್ತಾನೆ. ದುಡ್ಡೂ ಹೋಯ್ತು, ಗೆಳೆಯನೂ ಹೋದ.

ಲೆಕ್ಕ ಇಟ್ಟರೆ ಸ್ನೇಹ ಅಲ್ಲ ಅಂದಿರಿ. ನಮ್ಮ ಕಡೆ ಮದುವೆ ಛತ್ರದಲ್ಲಿ ಊಟದ ಹಾಲ್ ಪಕ್ಕ ಮೇಜು ಹಾಕಿಕೊಂಡು ಇಬ್ಬರು ಕೂತಿರುತ್ತಾರೆ, ನೋಡಿದ್ದೀರಲ್ವಾ? ಮುಯ್ಯಿ ಬರೆಯೋಕೆ. ಅರಿಶಿನ ಹಚ್ಚಿದ ನೋಟ್‌ಬುಕ್ಕು. ಊರು, ಹೆಸರು, ಐನೂರ ಒಂದು. ಹಿಂದೆ ನಿಂತವನು ಕೇಳಿಸಿಕೊಳ್ಳುವ ಹಾಗೆ ಜೋರಾಗಿ ಓದುತ್ತಾರೆ. ಆ ಪುಸ್ತಕ ಬೀರುವಿನಲ್ಲಿ ವರ್ಷಗಟ್ಟಲೆ ಇರುತ್ತೆ. ಅವರ ಮನೆ ಮದುವೆ ಬಂದಾಗ ತೆಗೆದು ನೋಡಿ, ಅಷ್ಟಕ್ಕೆ ಸ್ವಲ್ಪ ಸೇರಿಸಿ ಹಾಕುತ್ತೇವೆ. ಅಣ್ಣ ತಮ್ಮ, ಭಾವ ಮೈದುನ, ಯಾರಿಗೂ ವಿನಾಯಿತಿ ಇಲ್ಲ. ಯಾರಾದರೂ ಬೇಜಾರು ಮಾಡ್ಕೊಂಡಿದ್ದು ನೋಡಿದ್ದೀರಾ? ಬರೆಯದಿದ್ದರೆ ಬೇಜಾರು ಮಾಡ್ಕೋತಾರೆ. ಐನೂರು ರೂಪಾಯಿ ಬರೆಸುವ ಜನ ಎರಡು ಲಕ್ಷ ಕೊಡುವಾಗ ‘ನಮ್ಮಲ್ಲಿ ಎಂಥ ಕಾಗದ’ ಅನ್ನುತ್ತೇವಲ್ಲ, ಇದು ಯಾವ ಸೀಮೆ ಸಂಕೋಚ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಮೂಡಿಗೆರೆ ಮಳೆ

ಮುಯ್ಯಿ ವಿಷಯ ಚೆನ್ನಾಗಿ ಹಿಡಿದಿರಿ.

ಕಡೂರು ಎಕ್ಸ್‌ಪ್ರೆಸ್

ದುಡ್ಡು ಕೊಟ್ಟವರು ಪುಣ್ಯವಂತರು, ಕೊಟ್ಟಷ್ಟೇ ಹೋಗುತ್ತೆ. ನಾನು ಬರೀ ಸಹಿ ಕೊಟ್ಟೆ. ಜಾಮೀನು ಸಹಿ. ‘ಸುಮ್ನೆ ಒಂದು ಸೈನ್ ಅಷ್ಟೇ’ ಅಂದ. ಅವನು ಕಂತು ನಿಲ್ಲಿಸಿದ. ನೋಟಿಸ್ ನನಗೂ ಬಂತು. ಸಿಬಿಲ್ ಸ್ಕೋರ್ ಬಿದ್ದು ನನ್ನ ಮನೆ ಸಾಲ ನಿಂತಿದೆ. ‘ಮೊದಲು ಸಾಲ ತಗೊಂಡವನನ್ನು ಹಿಡೀರಿ’ ಅಂದರೆ ಬ್ಯಾಂಕಿನವರು ನಗುತ್ತಾರೆ.

ಕಪ್ಪು ಕೋಟು (ಚಿಕ್ಕಮಗಳೂರು)

ನಗೋದಕ್ಕೆ ಕಾರಣ ಇದೆ ಸಾರ್. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಪತ್ರದಲ್ಲಿ ಬೇರೆ ಥರ ಬರೆದಿಲ್ಲ ಅಂದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಯಾರನ್ನು ಮೊದಲು ಹಿಡಿಯಬೇಕು ಅನ್ನೋದು ಬ್ಯಾಂಕಿನ ಇಷ್ಟ. ನೀವು ಕಟ್ಟಿದ್ದನ್ನು ಆಮೇಲೆ ಅವನಿಂದ ವಸೂಲು ಮಾಡಬಹುದು, ಆ ಹಕ್ಕು ನಿಮಗಿದೆ.

ಹಾಸನದವರ ವಿಷಯಕ್ಕೆ ಬರುತ್ತೇನೆ. ಕೋರ್ಟ್ ಬೇಡ ಅಂದಿರಿ, ಸರಿ. ಆದರೆ ಕ್ಯಾಲೆಂಡರ್ ನೋಡಿ. 1963ರ ಕಾಲಮಿತಿ ಕಾಯ್ದೆ ಪ್ರಕಾರ, ಪತ್ರ ವಾಯಿದೆ ಏನೂ ಇಲ್ಲದ ಕೈಸಾಲಕ್ಕೆ ಕೊಟ್ಟ ದಿನದಿಂದ ಮೂರು ವರ್ಷ. ನೀವು ಕೇಳಿದ ದಿನದಿಂದ ಅಲ್ಲ, ಜಗಳ ಆದ ದಿನದಿಂದ ಅಲ್ಲ. 2024ರ ಏಪ್ರಿಲ್ ಅಂದರೆ 2027ರ ಏಪ್ರಿಲ್‌ಗೆ ಮುಗಿಯುತ್ತೆ. ‘ಶುಂಠಿ ಕಿತ್ತ ಮೇಲೆ’ ಅಂದಿದ್ದ, ಹಾಗಾಗಿ ಕಿತ್ತ ದಿನದಿಂದ ಲೆಕ್ಕ ಅಂತ ವಾದ ಮಾಡಬಹುದು. ಅದನ್ನು ಸಾಬೀತು ಮಾಡುವ ಕಷ್ಟ ನಿಮ್ಮದು. ಅದಕ್ಕೇ ಏಪ್ರಿಲ್ ಅಂತಲೇ ಇಟ್ಟುಕೊಳ್ಳಿ.

ಆ ಮೂರು ವರ್ಷದೊಳಗೆ ಅವನು ‘ಇಷ್ಟು ಬಾಕಿ ಇದೆ’ ಅಂತ ಬರೆದು ಸಹಿ ಮಾಡಿದರೆ ಆ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತೆ. ಸ್ವಲ್ಪ ದುಡ್ಡು ಕೊಟ್ಟರೂ ಹಾಗೇ. ಆದರೆ ಕೊಟ್ಟಿದ್ದಕ್ಕೆ ಅವನ ಕೈಬರಹವೋ ಸಹಿಯೋ ಇರಬೇಕು. ಸುಮ್ನೆ ಕೈಗೆ ಎರಡು ಸಾವಿರ ಇಟ್ಟು ಹೋದರೆ ಪ್ರಯೋಜನ ಇಲ್ಲ. ಅವಧಿ ಮುಗಿದ ಮೇಲೂ ‘ಕೊಡುತ್ತೇನೆ’ ಅಂತ ಬರೆದು ಸಹಿ ಹಾಕಿದರೆ ಅದಕ್ಕೂ ಕರಾರು ಕಾಯ್ದೆಯಲ್ಲಿ ಬೆಲೆ ಇದೆ. ಬಾಯಿಮಾತಿಗೆ ಇಲ್ಲ.

ವಾಟ್ಸಾಪ್ ಮೆಸೇಜ್ ಡಿಲೀಟ್ ಮಾಡಬೇಡಿ, ಫೋನ್ ಬದಲಿಸಿದರೆ ಹಳೇದನ್ನು ಮಾರಬೇಡಿ. ಅದು ಸಾಕ್ಷಿಯೇ. ಕೋರ್ಟಿಗೆ ಕೊಡುವಾಗ ಅದರ ಜೊತೆ ಒಂದು ಪ್ರಮಾಣಪತ್ರ ಬೇಕು ಅಷ್ಟೇ. ಆದರೂ ಸಹಿ ಇರುವ ಒಂದು ಹಾಳೆಯ ಗಟ್ಟಿತನ ಮೆಸೇಜಿಗಿಲ್ಲ.

ಕೋಟೆ ಹೈದ

ಇಷ್ಟೆಲ್ಲ ಯಾಕೆ? ಕ್ಲಾಸ್‌ಮೇಟ್ಸ್ ಗ್ರೂಪಲ್ಲಿ ಹಾಕಿ ಮರ್ಯಾದೆ ತೆಗೀರಿ. ಇಲ್ಲಾಂದ್ರೆ ನಾಲ್ಕು ಹುಡುಗರನ್ನು ಕಳಿಸಿ, ಸಂಜೆ ಒಳಗೆ ದುಡ್ಡು ಬರುತ್ತೆ.

ಕಪ್ಪು ಕೋಟು (ಚಿಕ್ಕಮಗಳೂರು)

ಸಂಜೆ ಒಳಗೆ ಪೊಲೀಸರೂ ಬರುತ್ತಾರೆ. ಕೊಟ್ಟ ದುಡ್ಡು ನಿಮ್ಮದೇ ಆದರೂ ಬೆದರಿಸಿದರೆ ಅಪರಾಧ ನಿಮ್ಮದು. ಗ್ರೂಪಲ್ಲಿ ಹಾಕಿದರೆ ಮಾನಹಾನಿ ಅಂತ ಅವನೇ ತಿರುಗಿಬೀಳಬಹುದು. ವಸೂಲಿ ಕಿರುಕುಳ ಮಿತಿ ಮೀರಿದ್ದಕ್ಕೇ 2025ರಲ್ಲಿ ರಾಜ್ಯ ಸರ್ಕಾರ ಮೈಕ್ರೋ ಸಾಲದವರ ಮೇಲೆ ಪ್ರತ್ಯೇಕ ಕಾನೂನು ತಂದಿದ್ದು. ಸ್ನೇಹಿತರ ಕೈಸಾಲಕ್ಕೆ ಅದು ನೇರವಾಗಿ ಬರದೇ ಇರಬಹುದು, ಆದರೆ ಈಗ ಠಾಣೆಯವರು ಇಂಥ ದೂರು ಹಗುರವಾಗಿ ತಗೊಳ್ಳಲ್ಲ.

ಅಡ್ಮಿನ್

ದಯವಿಟ್ಟು ಯಾರೂ ಸಾಲಗಾರರ ಹೆಸರು, ಊರು, ಫೋಟೊ ಹಾಕಬೇಡಿ. ಒಂದು ಪೋಸ್ಟ್ ತೆಗೆದಿದ್ದೇನೆ.

ಲೆಕ್ಕದ ಮೇಷ್ಟ್ರು (ಹಾಸನ)

ಒಂದು ಸಣ್ಣ ವಿಷಯ, ಯಾರೂ ಹೇಳಿಲ್ಲ. ಆದಾಯ ತೆರಿಗೆ ಕಾನೂನಿನಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ತಗೊಳ್ಳೋ ಹಾಗಿಲ್ಲ. ದಂಡ ಬೀಳೋದು ತಗೊಂಡವನಿಗೆ, ಅದೂ ತಗೊಂಡಷ್ಟೇ ಮೊತ್ತ. ವಾಪಸ್ ಕೊಡುವಾಗಲೂ ಇದೇ ನಿಯಮ. ಕೊಡುವವನು, ತಗೊಳ್ಳುವವನು ಇಬ್ಬರಿಗೂ ಬರೀ ಕೃಷಿ ಆದಾಯ ಇದ್ದು, ತೆರಿಗೆಗೆ ಬರುವ ಆದಾಯ ಇಲ್ಲದಿದ್ದರೆ ವಿನಾಯಿತಿ ಇದೆ. ನೀವು ಸಂಬಳದವರು, ಹಾಗಾಗಿ ಅದು ಸಿಗಲ್ಲ. ‘ಕ್ಯಾಶ್ ಕೊಡ್ತೀನಿ ಬಾ’ ಅಂದರೆ ಬೇಡ, ಬ್ಯಾಂಕಿಗೇ ಹಾಕು ಅನ್ನಿ. ನಿಮಗೆ ದಾಖಲೆ, ಅವನಿಗೆ ಕ್ಷೇಮ.

ಹಾಕುವಾಗ ರಿಮಾರ್ಕ್ ಜಾಗದಲ್ಲಿ ‘ಸಾಲ ವಾಪಸ್’ ಅಂತ ಬರೆಸಿ. ಕೆಲವರು ತಮಾಷೆಗೆ ‘ಗಿಫ್ಟ್’ ಅಂತ ಹಾಕುತ್ತಾರೆ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ದಾಟಿದ ಗಿಫ್ಟ್ ಆದಾಯ ಅಂತ ಲೆಕ್ಕ. ತಮಾಷೆ ದುಬಾರಿ ಆಗುತ್ತೆ.

ಬಡ್ಡಿ ಬಗ್ಗೆ: ‘ನೂರಕ್ಕೆ ಎರಡು’ ಕೇಳೋಕೆ ಕಮ್ಮಿ ಅನಿಸುತ್ತೆ. ವರ್ಷಕ್ಕೆ 24 ಪರ್ಸೆಂಟ್. ನಿಮ್ಮ ದುಡ್ಡಿಗೆ ತಿಂಗಳಿಗೆ 3,600 ಆಗುತ್ತಿತ್ತು. ಅಷ್ಟನ್ನು ಅವನಿಗೆ ಉಳಿಸಿದ್ದೀರಿ. ಅದನ್ನು ಅವನಿಗೆ ಹೇಳಬೇಕಾಗಿಲ್ಲ, ನಿಮ್ಮ ಮನಸ್ಸಿನಲ್ಲಿರಲಿ. ಕೇಳುವಾಗ ಧೈರ್ಯ ಬರುತ್ತೆ.

ಬೇಲೂರಿನ ಅಕ್ಕ

ಕೇಳೋದು ಹೇಗೆ ಅಂತ ಯಾರೂ ಹೇಳಲೇ ಇಲ್ಲ! ಎಲ್ಲ ಕಾನೂನು ಹೇಳ್ತಿದ್ದೀರಿ.

ನಾನು ಹೇಳುತ್ತೇನೆ. ಅವನ ಹೆಂಡತಿ ಮಕ್ಕಳ ಮುಂದೆ ಕೇಳಬೇಡಿ. ಹಬ್ಬದ ದಿನ ಬೇಡ. ಊಟಕ್ಕೆ ಕರೆದು ಬಡಿಸುತ್ತಾ ಕೇಳಬೇಡಿ, ಗಂಟಲಲ್ಲಿ ಇಳಿಯಲ್ಲ. ‘ನನಗೆ ಕಷ್ಟ ಇದೆ’ ಅಂತ ಕಥೆ ಕಟ್ಟಬೇಡಿ. ನಿಮ್ಮದು ನೀವು ಕೇಳೋಕೆ ಕಷ್ಟ ಬರಲೇಬೇಕಾ? ಮೊದಲೇ ಫೋನ್ ಮಾಡಿ ‘ದುಡ್ಡಿನ ವಿಷಯ ಮಾತಾಡೋಕೆ ಬರ್ತೀನಿ’ ಅನ್ನಿ. ಹೋಗುವ ಹೊತ್ತಿಗೆ ಅವನ ಹತ್ತಿರ ಒಂದು ಉತ್ತರ ಇರುತ್ತೆ. ಇದ್ದಕ್ಕಿದ್ದಂತೆ ಹೋಗಿ ನಿಂತರೆ ಸುಳ್ಳೇ ಬರೋದು ಬಾಯಿಗೆ.

ಮತ್ತೆ ‘ಯಾವಾಗ ಕೊಡ್ತೀಯ’ ಅನ್ನಬೇಡಿ. ‘ಈ ತಿಂಗಳು ಎಷ್ಟು ಆಗುತ್ತೆ’ ಅನ್ನಿ.

ಆಲೂರು ಶುಂಠಿ

ಅಕ್ಕ ಹೇಳಿದ್ದು ನಿಜ. ಪೂರ್ತಿ ಒಟ್ಟಿಗೆ ಕೇಳಿದರೆ ನಮಗೆ ಕೈಕಾಲು ಆಡಲ್ಲ. ಪೂರ್ತಿ ಕೊಡೋಕಾಗಲ್ಲ ಅಂತ ಹತ್ತು ಸಾವಿರವನ್ನೂ ಕೊಡಲ್ಲ. ಆ ಹತ್ತು ಬೇರೆ ಕಡೆ ಖರ್ಚಾಗುತ್ತೆ. ಪಿಕಪ್ ಬಾಡಿಗೆ ಓಡುತ್ತಿದ್ದರೆ ಕೈಯಲ್ಲಿ ತಿಂಗಳಿಗೆ ಒಂದಿಷ್ಟು ಇರುತ್ತೆ. ಶುಂಠಿ ಕಾಲದ ವಾಯಿದೆ ಬಿಟ್ಟು ಬಾಡಿಗೆ ಲೆಕ್ಕಕ್ಕೆ ತನ್ನಿ.

ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ ಹೇಳಿದ ಹಾಗೆ ಫೋನ್ ಮಾಡಿದೆ. ‘ಭಾನುವಾರ ಬರ್ತೀನಿ ಕಣೋ, ದುಡ್ಡಿನ ಲೆಕ್ಕ ಮಾತಾಡೋಣ’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ‘ಬಾ’ ಅಂದ.

ಹೋದಾಗ ಕಣದ ಹತ್ತಿರ ಪಿಕಪ್ ತೊಳೆಯುತ್ತಿದ್ದ. ಅದರಲ್ಲೇ ಕೂತು ಮಾತಾಡಿದೆವು. ಡ್ಯಾಶ್‌ಬೋರ್ಡಿಂದ ಒಂದು ಪಾಕೆಟ್ ನೋಟ್‌ಬುಕ್ ತೆಗೆದ. ಬೆವರಿಗೆ ಅಂಚು ಮುದುಡಿತ್ತು. ಒಂದು ಪುಟದಲ್ಲಿ ಕೊಡಬೇಕಾದವರ ಹೆಸರು. ಗೊಬ್ಬರದಂಗಡಿ ಹೊಡೆದು ಹಾಕಿತ್ತು, ಗೇಣಿ ಹೊಡೆದು ಹಾಕಿತ್ತು, ಫೈನಾನ್ಸ್ ಅರ್ಧ. ಕೆಳಗೆ ನನ್ನ ಹೆಸರು. ಆಲೂರಿನವರು ಹೇಳಿದ ಸಾಲು ಕಣ್ಣಿಗೇ ಕಂಡಿತು.

ಆದರೆ ನನ್ನ ಹೆಸರಿನ ಮುಂದೆ 1,50,000 ಅಂತ ಮಾತ್ರ ಇತ್ತು. ‘ಮೂವತ್ತು ಕ್ಯಾಶ್ ಕೊಟ್ಟಿದ್ನಲ್ಲೋ’ ಅಂದೆ. ‘ಯಾವಾಗ?’ ಅಂದ. ನಾಟಕ ಅಲ್ಲ, ನಿಜವಾಗಿ ನೆನಪಿರಲಿಲ್ಲ ಅವನಿಗೆ. ನನಗೆ ಮೈಯೆಲ್ಲ ಉರಿಯಿತು. ಫೋನಲ್ಲಿ ಹಿಂದಕ್ಕೆ ಹುಡುಕುತ್ತಾ ಹೋದೆ. ಏಪ್ರಿಲ್‌ನಲ್ಲಿ ಅವನದೇ ಮೆಸೇಜ್: ‘30 ಎಣಿಸಿದೆ ಸರಿ ಇದೆ, ಬಿತ್ತನೆ ಲೋಡ್ ಬಂತು’. ಜೊತೆಗೆ ಚೀಲಗಳ ಫೋಟೊ. ತೋರಿಸಿದೆ. ನೋಡಿದ, ಪೆನ್ ತೆಗೆದು ಐವತ್ತನ್ನು ಎಂಬತ್ತು ಮಾಡಿದ. ಇಬ್ಬರೂ ಏನೂ ಮಾತಾಡಲಿಲ್ಲ. ಆ ಮೆಸೇಜ್ ಇಲ್ಲದಿದ್ದರೆ ಅವತ್ತು ನಾವು ಜಗಳ ಆಡಿಕೊಂಡೇ ಏಳುತ್ತಿದ್ದೆವು.

ಅಲ್ಲೇ 10,000 ಫೋನಲ್ಲಿ ಹಾಕಿದ. ಉಳಿದ 1,70,000ದಲ್ಲಿ ತಿಂಗಳಿಗೆ ಐದು ಸಾವಿರ ಬಾಡಿಗೆ ದುಡ್ಡಿಂದ, ಮಾರ್ಚ್ 31ಕ್ಕೆ ಒಂದು ಐವತ್ತು ಸಾವಿರ. ಪಿಕಪ್ ಲೋನಿನದ್ದೇ, ಮೇಲಿನವರು ಊಹಿಸಿದ್ದು ಸರಿ. ಮಗಳ ಫೀಸಿಗೆ ಇದು ಸಾಲಲ್ಲ, ಅದಕ್ಕೆ ಬೇರೆ ದಾರಿ ನೋಡಬೇಕು. ನನ್ನ ಹೆಂಡತಿಗೆ ಐದು ಸಾವಿರದ ಲೆಕ್ಕ ಸ್ವಲ್ಪವೂ ಇಷ್ಟ ಆಗಿಲ್ಲ.

ಪತ್ರದ ವಿಷಯ ನಾನು ಎತ್ತಿದೆ. ‘ಮುಯ್ಯಿ ಬರೆಸಲ್ವೇನೋ, ಹಂಗೇ’ ಅಂದೆ. ನಕ್ಕ, ಒಪ್ಪಿದ. ಮುಂದಿನ ವಾರ ಬರೆಯೋದು. ಏನು ಬರೆಸಲಿ?

ಕಪ್ಪು ಕೋಟು (ಚಿಕ್ಕಮಗಳೂರು)

ಒಳ್ಳೆಯದಾಯ್ತು. ಪ್ರೋನೋಟು ಬರೆಸಿ, ಅಂದರೆ ‘ಇಷ್ಟು ದುಡ್ಡು ಕೊಡುತ್ತೇನೆ’ ಅಂತ ಅವನು ಸಹಿ ಹಾಕುವ ಪತ್ರ. ಅಂಗಡಿಯಲ್ಲಿ ಅಚ್ಚು ಹಾಕಿದ್ದು ಸಿಗುತ್ತೆ, ಖಾಲಿ ಜಾಗ ಎಲ್ಲ ತುಂಬಿಸಿ. ಒಂದು ರೂಪಾಯಿ ರೆವಿನ್ಯೂ ಸ್ಟಾಂಪ್ ಅಂಟಿಸಿ, ಅವನ ಸಹಿ ಸ್ಟಾಂಪಿನ ಮೇಲೆ ಹಾದು ಕಾಗದಕ್ಕೂ ಬರಬೇಕು. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ. ಒಂದು ರೂಪಾಯಿ ಸ್ಟಾಂಪ್ ಸಾಲೋದು ‘ಕೇಳಿದಾಗ ಕೊಡುತ್ತೇನೆ’ ಅನ್ನುವ ಪ್ರೋನೋಟಿಗೆ ಮಾತ್ರ, ಹಾಗಾಗಿ ಕಂತು, ತಾರೀಕು ಛಾಪಾ ಕಾಗದದ ಮೇಲೆ ಬೇರೆ ಕರಾರು ಪತ್ರದಲ್ಲಿ ಬರೆಸಿ. ‘ಎರಡು ಕಂತು ತಪ್ಪಿದರೆ ಉಳಿದದ್ದೆಲ್ಲ ಒಟ್ಟಿಗೆ ಕೊಡಬೇಕು’ ಅಂತ ಅದರಲ್ಲೇ ಒಂದು ಸಾಲು ಹಾಕಿಸಿ. ಸಾಕ್ಷಿ ಕಡ್ಡಾಯ ಅಲ್ಲ, ಆದರೂ ಇಬ್ಬರಿಗೂ ಬೇಕಾದವರು ಒಬ್ಬರು ಸಹಿ ಮಾಡಿದರೆ ಒಳ್ಳೆಯದು. ಬರೆದ ದಿನದ್ದೇ ತಾರೀಕು ಹಾಕಿ, 2024ರ ತಾರೀಕು ಹಾಕೋಕೆ ಹೋಗಬೇಡಿ. ಹಳೇ ಸಾಲದ ಬಾಬ್ತು ಅಂತ ಬರೆದರೆ ಸಾಕು.

ಖಾಲಿ ಚೆಕ್ ಕೇಳಬೇಡಿ, ಅದು ಇಬ್ಬರಿಗೂ ತಲೆನೋವು. ಮಾರ್ಚ್ 31ರ ಐವತ್ತು ಸಾವಿರಕ್ಕೆ ಬೇಕಾದರೆ ತಾರೀಕು ಮೊತ್ತ ತುಂಬಿದ ಚೆಕ್ ತಗೊಳ್ಳಿ. ಚೆಕ್ಕಿನ ಆಯಸ್ಸು ತಾರೀಕಿಂದ ಮೂರು ತಿಂಗಳು. ಬೌನ್ಸ್ ಆದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್, ಅವನಿಗೆ ನೋಟಿಸ್ ಸಿಕ್ಕ ಮೇಲೆ 15 ದಿನ ಸಮಯ, ಆಮೇಲೆ ಒಂದು ತಿಂಗಳೊಳಗೆ ದೂರು. ಒಂದು ದಿನ ತಪ್ಪಿದರೂ ಓಡಾಟ ಜಾಸ್ತಿ.

ಎಲ್ಲ ಕೈಕೊಟ್ಟರೆ ನೇರ ಕೇಸಿಗೆ ಹೋಗಬೇಕಾಗಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟ್ ಆವರಣದಲ್ಲೇ ಇರುತ್ತೆ. ಕೇಸ್ ಹಾಕುವ ಮುಂಚೆಯೇ ಅರ್ಜಿ ಕೊಟ್ಟರೆ ಲೋಕ ಅದಾಲತ್‌ಗೆ ಕರೆಸುತ್ತಾರೆ, ಕೋರ್ಟ್ ಫೀ ಇಲ್ಲ. ಅಲ್ಲಿ ರಾಜಿ ಆದರೆ ಅದು ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಸಹಾಯವಾಣಿ 15100.

ಬೇಲೂರಿನ ಅಕ್ಕ, ನಿಮ್ಮದು ಬೇರೆ ಥರ. ನೀವು ದುಡ್ಡು ಸಾಲ ಕೊಟ್ಟಿಲ್ಲ, ವಸ್ತು ಕೊಟ್ಟಿದ್ದೀರಿ. ಹರಾಜಾಗಿದ್ದರೂ ಅದರ ಬೆಲೆ ಕೇಳುವ ಹಕ್ಕಿದೆ. ಆದರೆ ನಿಮಗೂ ವರ್ಷಗಳು ಓಡುತ್ತಿವೆ, ಯಾವ ದಿನದಿಂದ ಲೆಕ್ಕ ಅನ್ನೋದು ಕಾಗದ ನೋಡದೆ ಹೇಳೋಕಾಗಲ್ಲ. ಸರದ ಬಿಲ್ಲು ಅಥವಾ ತೂಕದ ಚೀಟಿ ಇದೆಯಾ? ಗಿರವಿ ರಸೀದಿ ಯಾರ ಹೆಸರಲ್ಲಿತ್ತು? ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಬೇಲೂರಲ್ಲೇ ಹೋಗಿ ವಿಚಾರಿಸಿ.

ಮನೆಕೆಲಸ ಮುಗಿಸಿ (ಚಿಕ್ಕಮಗಳೂರು)

ಐವತ್ತನ್ನು ಎಂಬತ್ತು ಮಾಡಿದ ಅಂದಿರಲ್ಲ, ಓದಿ ಖುಷಿ ಆಯ್ತು. ನನ್ನ ಐದು ಸಾವಿರದ ನಿಯಮ ನಾನಂತೂ ಬಿಡಲ್ಲ.

ಕಡೂರು ಎಕ್ಸ್‌ಪ್ರೆಸ್

ಜಾಮೀನಿಗೂ ಲೋಕ ಅದಾಲತ್ ಆಗುತ್ತಾ ಸಾರ್?

ಕಪ್ಪು ಕೋಟು (ಚಿಕ್ಕಮಗಳೂರು)

ಆಗುತ್ತೆ. ಬ್ಯಾಂಕಿನವರೇ ಅಲ್ಲಿ ಬಡ್ಡಿ ಬಿಟ್ಟು ರಾಜಿಗೆ ಬರೋದುಂಟು. ನೋಟಿಸ್ ತಗೊಂಡು ಹೋಗಿ, ಸಾಲಗಾರನನ್ನೂ ಕರೆಸಲು ಅರ್ಜಿಯಲ್ಲೇ ಬರೆಯಿರಿ.

ಬೇಲೂರಿನ ಅಕ್ಕ

ವಕೀಲರೇ, ಬೀರು ಪೂರ್ತಿ ತೆಗೆದು ಹುಡುಕಿದೆ. ಬಿಲ್ಲು ಸಿಕ್ಕಿತು, ನಮ್ಮ ಮದುವೆ ಸಾಮಾನಿನ ಚೀಟಿಗಳ ಜೊತೆ ಇತ್ತು. ತೂಕ 39.6 ಗ್ರಾಂ ಅಂತ ಇದೆ. ಗಿರವಿ ರಸೀದಿ ಅವಳ ಹೆಸರಲ್ಲೇ, ಅದರ ಫೋಟೊ ಅವಳೇ ಆಗ ನನಗೆ ಕಳಿಸಿದ್ದಳು. ಅವಳಿಗೆ ಫೋನ್ ಮಾಡಿ ಗುರುವಾರ ಬರ್ತೀನಿ ಅಂದಿದ್ದೀನಿ. ಒಂದೇ ಸಲ ಬೇಡ, ವರ್ಷಕ್ಕೆ ಹತ್ತು ಗ್ರಾಂ ಚಿನ್ನವಾಗಿಯೇ ಕೊಡು ಅಂತ ಕೇಳೋಣ ಅಂತಿದ್ದೀನಿ. ಅದನ್ನೂ ಬರೆಸಿಕೊಳ್ಳಬಹುದಾ, ಅಥವಾ ಪ್ರೋನೋಟು ದುಡ್ಡಿಗೆ ಮಾತ್ರನಾ?

ಕಪ್ಪು ಕೋಟು (ಚಿಕ್ಕಮಗಳೂರು)

ಪ್ರೋನೋಟು ದುಡ್ಡಿಗೆ ಮಾತ್ರ. ಇದಕ್ಕೆ ಛಾಪಾ ಕಾಗದದ ಮೇಲೆ ಕರಾರು ಪತ್ರ ಮಾಡಿಸಿ. ತೂಕ, ಎಷ್ಟು ಕ್ಯಾರೆಟ್, ಯಾವ ವರ್ಷ ಎಷ್ಟು ಗ್ರಾಂ, ಎಲ್ಲ ಬರಲಿ. ಬಿಲ್ಲಿನ ಜೆರಾಕ್ಸ್ ಹಿಂದೆ ಅವಳ ಸಹಿಯೂ ಒಂದು ಇರಲಿ. ಗುರುವಾರ ಹೋಗುವಾಗ ಒರಿಜಿನಲ್ ಬಿಲ್ಲು ತಗೊಂಡು ಹೋಗಬೇಡಿ.